ಗಿರಿರಾಜ ಮರಿಗಳಿಗೆ ಮನೆಯೊಳಗೆ ಕಾವು: ಮೊದಲ ನಾಲ್ಕು ವಾರಗಳ ಪಾಲನೆ

ಹಿತ್ತಲಿನಲ್ಲಿ ಕೋಳಿ ಸಾಕುವ ಕುಟುಂಬಗಳ ಲಾಭ-ನಷ್ಟ ಬಹುಮಟ್ಟಿಗೆ ತೀರ್ಮಾನವಾಗುವುದು ಮರಿ ತಂದ ಮೊದಲ ನಾಲ್ಕು ವಾರಗಳಲ್ಲಿ. ನಾಟಿ ಹೇಂಟೆ ತಾನೇ ಕಾವು ಕೊಟ್ಟು ಮರಿ ಮಾಡಿ, ರೆಕ್ಕೆಯಡಿಯಲ್ಲಿಟ್ಟು ಬೆಳೆಸುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ ತಳಿಯ ಮರಿಗಳು ಯಂತ್ರದಲ್ಲಿ ಹುಟ್ಟಿ, ತಾಯಿಯಿಲ್ಲದೆ ರೈತನ ಮನೆಗೆ ಬರುತ್ತವೆ. ಆದುದರಿಂದ ತಾಯಿಯ ಕೆಲಸವನ್ನು ಸಾಕುವವರೇ ಮಾಡಬೇಕು.

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಾರಿಯಲ್ಲಿ, ಬಿಳಿಗಿರಿರಂಗನ ಕಾಡಿನ ಅಂಚಿಗಿರುವ ಪುಣಜನೂರಿನಂತಹ ಊರುಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಇಲ್ಲಿ ಚಳಿಗಾಲದ ರಾತ್ರಿಗಳು ತಂಪು. ಮುಂಗುಸಿ, ಪುನುಗುಬೆಕ್ಕು, ಹಾವುಗಳ ಕಾಟವೂ ಉಂಟು. ಆದ್ದರಿಂದ ಎಳೆ ಮರಿಗಳನ್ನು ಮನೆಯೊಳಗೆ ಸಾಕುವುದೇ ಕ್ಷೇಮ.

ಕಾವು ಏಕೆ ಬೇಕು?

ಹೊಸದಾಗಿ ಹುಟ್ಟಿದ ಮರಿಯ ಮೈಮೇಲೆ ನವಿರಾದ ತುಪ್ಪಳವಿರುತ್ತದೆಯೇ ಹೊರತು ಗರಿ ಇರುವುದಿಲ್ಲ. ತನ್ನ ಮೈಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಅದಕ್ಕೆ ಇನ್ನೂ ಬಂದಿರುವುದಿಲ್ಲ. ಚಳಿಯಾದರೆ ಮರಿಗಳು ಮೇವು-ನೀರು ಬಿಟ್ಟು ಒಂದರ ಮೇಲೊಂದು ಗುಂಪುಗೂಡುತ್ತವೆ. ಅಡಿಯಲ್ಲಿ ಸಿಕ್ಕಿದವು ಉಸಿರುಕಟ್ಟಿ ಸಾಯುತ್ತವೆ. ಸಂಜೆ ಲವಲವಿಕೆಯಿಂದಿದ್ದ ಮರಿಗಳು ಬೆಳಗ್ಗೆ ಸತ್ತಿದ್ದರೆ ಮೊದಲು ಕಾವಿನ ವ್ಯವಸ್ಥೆಯನ್ನು ಪರೀಕ್ಷಿಸಬೇಕು.

ಆವರಣದ ಸಿದ್ಧತೆ

ಮರಿ ಬರುವ ಮುನ್ನವೇ ಕೋಣೆಯನ್ನು ತೊಳೆದು ಒಣಗಿಸಿ, ಸುಣ್ಣ ಬಳಿಯಬೇಕು. ನೂರು ಮರಿಗಳಿಗೆ ಐದಾರು ಅಡಿ ಅಗಲದ ದುಂಡನೆಯ ಆವರಣ ಮೊದಲ ವಾರಕ್ಕೆ ಸಾಕು. ತಗಡು, ರಟ್ಟು ಅಥವಾ ಬಿದಿರಿನ ತಟ್ಟಿಯನ್ನು ಒಂದೂವರೆ ಅಡಿ ಎತ್ತರಕ್ಕೆ ಬಳಸಬಹುದು. ಮೂಲೆಗಳಿದ್ದರೆ ಮರಿಗಳು ಅಲ್ಲಿ ಒತ್ತೊತ್ತಾಗಿ ಸೇರುವುದರಿಂದ ಆವರಣ ದುಂಡಗೇ ಇರಬೇಕು. ಮರಿ ಬೆಳೆದಂತೆ ಅದನ್ನು ಹಿಗ್ಗಿಸಿ, ನಾಲ್ಕು ವಾರದೊಳಗೆ ಪ್ರತಿ ಮರಿಗೆ ಅರ್ಧ ಚದರಡಿ ಜಾಗ ಒದಗಿಸಬೇಕು.

ನೆಲಕ್ಕೆ ಎರಡು ಅಂಗುಲ ದಪ್ಪ ಒಣ ಭತ್ತದ ಹೊಟ್ಟು ಹರಡಿ, ಮೊದಲ ಮೂರು-ನಾಲ್ಕು ದಿನ ಅದರ ಮೇಲೆ ಒರಟು ಕಾಗದ ಹಾಸಬೇಕು. ಇಲ್ಲವಾದರೆ ಮರಿಗಳು ಹೊಟ್ಟನ್ನೇ ಮೇವೆಂದು ತಿನ್ನುತ್ತವೆ. ನುಣುಪಾದ ಕಾಗದ ಬೇಡ. ಜಾರಿ ಕಾಲುಗಳು ಅಗಲಿಸಿಕೊಳ್ಳುತ್ತವೆ.

ಕಾವಿನ ಕ್ರಮ

ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 95 ಡಿಗ್ರಿ ಫ್ಯಾರನ್‌ಹೀಟ್ (35 ಡಿಗ್ರಿ ಸೆಲ್ಸಿಯಸ್) ಶಾಖ ಬೇಕು. ಅನಂತರ ವಾರಕ್ಕೆ 5 ಡಿಗ್ರಿ ಫ್ಯಾರನ್‌ಹೀಟ್‌ನಂತೆ ಇಳಿಸಬೇಕು. ಮರಿಯೊಂದಕ್ಕೆ 2 ವ್ಯಾಟ್ ಎಂಬುದು ಸಾಮಾನ್ಯ ಲೆಕ್ಕ. ನೂರು ಮರಿಗಳಿಗೆ 100 ವ್ಯಾಟಿನ ಎರಡು ಬಲ್ಬುಗಳಿಗಿಂತ 40 ವ್ಯಾಟಿನ ಐದು ಬಲ್ಬುಗಳು ಮೇಲು. ಒಂದು ಸುಟ್ಟುಹೋದರೂ ಉಳಿದವು ಕಾಯುತ್ತವೆ. ಇವು ತಂತಿ ಕಾಯುವ ಹಳೆಯ ಬಗೆಯ ಬಲ್ಬುಗಳೇ ಆಗಿರಬೇಕು. ಈಗಿನ ಎಲ್‌ಇಡಿ ದೀಪ ಬೆಳಕು ಕೊಡುತ್ತದೆ, ಸಾಕಷ್ಟು ಕಾವು ಕೊಡುವುದಿಲ್ಲ.

ಉಷ್ಣಮಾಪಕ ಇಲ್ಲದಿದ್ದರೂ ಮರಿಗಳನ್ನು ನೋಡಿ ತಿಳಿಯಬಹುದು:

ದೀಪದ ಕೆಳಗೆ ಒತ್ತೊತ್ತಾಗಿ ಸೇರಿ ಕೂಗಿದರೆ ಕಾವು ಸಾಲದು, ಬಲ್ಬು ತಗ್ಗಿಸಿ.
ದೂರ ಸರಿದು ಬಾಯಿ ತೆರೆದು ಉಸಿರಾಡಿದರೆ ಕಾವು ಹೆಚ್ಚು, ಬಲ್ಬು ಎತ್ತರಿಸಿ.
ಒಂದೇ ಬದಿಗೆ ಸೇರಿದರೆ ಎದುರು ಬದಿಯಿಂದ ಗಾಳಿ ಬೀಸುತ್ತಿರಬಹುದು. ಅಲ್ಲಿ ಗೋಣಿ ಕಟ್ಟಿ.
ಎಲ್ಲೆಡೆ ಹರಡಿ ತಿಂದು ಮಲಗಿದರೆ ಕಾವು ಸರಿಯಾಗಿದೆ.

ವಿದ್ಯುತ್ ನಿಂತಾಗ ಇದ್ದಿಲ ಒಲೆ ಬಳಸುವುದುಂಟು. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬರುತ್ತದೆ. ಅದಕ್ಕೆ ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟರೆ ಮರಿಗಳಷ್ಟೇ ಅಲ್ಲ, ಅಲ್ಲಿ ಮಲಗಿದ ಮನೆಯವರೂ ಪ್ರಾಣ ಕಳೆದುಕೊಂಡಾರು. ಗಾಳಿ ಆಡಲು ಕಿಟಕಿ ತೆರೆದಿರಲಿ. ಕೆಂಡವಿರುವ ಕೋಣೆಯಲ್ಲಿ ಯಾರೂ ಮಲಗಕೂಡದು.

ನೀರು ಮತ್ತು ಮೇವು

ಮರಿ ಬಂದ ಕೂಡಲೆ ಮೊದಲು ನೀರು. ದೂರದಿಂದ ತಂದಿದ್ದರೆ ಲೀಟರಿಗೆ 50 ಗ್ರಾಂ ಬೆಲ್ಲ ಕರಗಿಸಿ ಕೊಡಿ. ಕೆಲವು ಮರಿಗಳ ಕೊಕ್ಕನ್ನು ನೀರಿಗೆ ಮುಟ್ಟಿಸಿದರೆ ಉಳಿದವು ನೋಡಿ ಕಲಿಯುತ್ತವೆ. ಬಟ್ಟಲು ಆಳವಿದ್ದರೆ ಮರಿ ಬಿದ್ದು ನೆನೆಯುತ್ತದೆ. ಶುದ್ಧವಾದ ಸಣ್ಣ ಕಲ್ಲುಗಳನ್ನು ಹಾಕಿಡಿ. ಎರಡು-ಮೂರು ಗಂಟೆಯ ಬಳಿಕ ನುಚ್ಚು ಮಾಡಿದ ಮುಸುಕಿನ ಜೋಳವನ್ನು ಕಾಗದದ ಮೇಲೆ ಎರಚಬೇಕು. ಮರುದಿನದಿಂದ ಮರಿಗಳ ಸಿದ್ಧ ಆಹಾರ ಕೊಡಿ. ಜೋಳ, ರಾಗಿಗಳಲ್ಲಿ ಸಸಾರಜನಕ ಕಡಿಮೆ. ಅವನ್ನಷ್ಟೇ ತಿಂದ ಮರಿ ಬೆಳೆಯುವುದಿಲ್ಲ.

ರೋಗ ತಡೆ

5 ರಿಂದ 7ನೇ ದಿನದೊಳಗೆ ಕೊಕ್ಕರೆ ರೋಗದ ಲಸಿಕೆಯ ಒಂದು ಹನಿಯನ್ನು ಕಣ್ಣಿಗೆ ಅಥವಾ ಮೂಗಿಗೆ, 14ನೇ ದಿನ ಗುಂಬೋರೊ ಲಸಿಕೆ, 28ನೇ ದಿನ ಮತ್ತೆ ಕೊಕ್ಕರೆ ರೋಗದ ಲಸಿಕೆ ಹಾಕಿಸಬೇಕು. ಲಸಿಕೆಯನ್ನು ಮಂಜುಗಡ್ಡೆಯಲ್ಲಿಟ್ಟು ತಂದು, ತಂಪು ಹೊತ್ತಿನಲ್ಲಿ ಹಾಕಬೇಕು. ಬಿಸಿಲಿಗೆ ಸಿಕ್ಕಿದ ಲಸಿಕೆಯಿಂದ ಪ್ರಯೋಜನವಿಲ್ಲ.

ಹೊಟ್ಟು ಒದ್ದೆಯಾದರೆ ರಕ್ತಭೇದಿ ಹರಡುತ್ತದೆ. ಪ್ರತಿದಿನ ಹೊಟ್ಟು ಕೆದಕಿ, ನೆನೆದುದನ್ನು ತೆಗೆದು ಒಣ ಹೊಟ್ಟು ಸೇರಿಸಿ. ಒಳಗೆ ಹೋದವರಿಗೆ ಕಣ್ಣು ಉರಿದರೆ ಗಾಳಿ ಸಾಲದೆಂದು ತಿಳಿಯಿರಿ. ಸತ್ತ ಮರಿಗಳನ್ನು ಬೇಲಿಯಾಚೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಿ. ಎಸೆದರೆ ನಾಯಿ, ನರಿ, ಮುಂಗುಸಿಗಳಿಗೆ ನೀವೇ ದಾರಿ ತೋರಿಸಿದಂತೆ.

ಐದಾರು ವಾರಕ್ಕೆ ಗರಿ ತುಂಬಿದ ಮೇಲೆ ಬಿಸಿಲು ಏರಿದಾಗ ಹಿತ್ತಲಿಗೆ ಬಿಟ್ಟು, ಸಂಜೆ ಗೂಡಿಗೆ ಸೇರಿಸುವ ಅಭ್ಯಾಸ ಮಾಡಿಸಬಹುದು. ಮೊದಲ ಸಲ ಸಾಕುವವರು ಇಪ್ಪತ್ತೈದು ಮರಿಗಳಿಂದ ಆರಂಭಿಸಿ, ಅವುಗಳನ್ನು ಉಳಿಸಿಕೊಳ್ಳುವುದನ್ನು ಕಲಿತ ಬಳಿಕ ಸಂಖ್ಯೆ ಹೆಚ್ಚಿಸುವುದು ಜಾಣತನ. ಹೆಚ್ಚಿನ ಮಾಹಿತಿಗೆ ಸಮೀಪದ ಪಶುವೈದ್ಯರನ್ನು ಅಥವಾ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.