ಒಡೆದ ದನಿಯನ್ನು ಆಮೇಲೆ ಸರಿಮಾಡಬಹುದೇ?

ರಾಮನವಮಿ ಬಂತೆಂದರೆ ಹಳೆಯ ಬೆಂಗಳೂರಿನ ಬಡಾವಣೆಗಳಲ್ಲಿ ಸಂಗೀತದ ಚಪ್ಪರಗಳು ಏಳುತ್ತವೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ನಡೆಯುವ ಶ್ರೀ ರಾಮಸೇವಾ ಮಂಡಳಿಯ ಉತ್ಸವವಂತೂ 1939ರಿಂದ ಬಂದದ್ದು. ಅಂಥ ದೊಡ್ಡ ಕಛೇರಿಗಳ ಧ್ವನಿಮುದ್ರಣಕ್ಕೆ ತಿಳಿದವರಿರುತ್ತಾರೆ. ಬೀದಿಯ ಚಿಕ್ಕ ಚಪ್ಪರದಲ್ಲಿ ಮಿಕ್ಸರಿನಿಂದ ಕೇಬಲ್ ಎಳೆದು ಲ್ಯಾಪ್‌ಟಾಪಿಗೆ ಚುಚ್ಚುವವರು ನಮ್ಮ ನಿಮ್ಮಂಥವರೇ. ತನಿ ಆವರ್ತನದ ಹೊತ್ತಿಗೆ ಮೃದಂಗದ ಪ್ರತಿ ಪೆಟ್ಟೂ ‘ಕರ್’ ಎನ್ನತೊಡಗುತ್ತದೆ. “ಪರವಾಗಿಲ್ಲ, ಆಮೇಲೆ ಸಾಫ್ಟ್‌ವೇರಿನಲ್ಲಿ ವಾಲ್ಯೂಮ್ ಇಳಿಸಿದರಾಯಿತು” ಎಂದುಕೊಳ್ಳುತ್ತೇವೆ. ಆದರೆ ಅದು ಆಗದ ಕೆಲಸ.

ತಂತಿಯಲ್ಲಿ ಬರುವ ದನಿಯೆಂದರೆ ಏರಿಳಿಯುವ ವೋಲ್ಟೇಜ್. ಎಡಿಸಿ ಎಂಬ ಚಿಪ್ಪು ಅದನ್ನು ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆದು ಅಂಕಿಯಾಗಿ ಬರೆದುಕೊಳ್ಳುತ್ತದೆ. 16 ಬಿಟ್ಟಿನ ಚಿಪ್ಪೆಂದರೆ 65,536 ಗೆರೆಗಳಿರುವ ಅಳತೆಪಟ್ಟಿ. ಆ ಪಟ್ಟಿ 2 ವೋಲ್ಟಿಗೆ ಮುಗಿಯುತ್ತದೆ ಎಂದುಕೊಳ್ಳೋಣ. ಆಗ 3 ವೋಲ್ಟ್ ಬಂದರೂ 2, 10 ಬಂದರೂ 2. ಅಲೆಯ ನೆತ್ತಿ ಕತ್ತರಿಸಿ ಚಪ್ಪಟೆಯಾಗುತ್ತದೆ. ಆಮೇಲೆ ವಾಲ್ಯೂಮ್ ಇಳಿಸಿದರೆ ಚಪ್ಪಟೆ ಅಲೆ ಚಿಕ್ಕದಾಗುತ್ತದೆ, ಅಷ್ಟೇ. ನೆತ್ತಿಯನ್ನು ತುಂಬಿಕೊಡುವ ಸಾಫ್ಟ್‌ವೇರುಗಳೂ ಇವೆ. ಅವು ತುಂಬುವುದು ಊಹೆಯನ್ನು, ವಿದ್ವಾಂಸರು ನುಡಿಸಿದ್ದನ್ನಲ್ಲ.

ಹಾಳಾಗುವುದು ಹಾಡು ಮಾತ್ರವಲ್ಲ. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ವೃತ್ತಿಪರ ಮಿಕ್ಸರಿನ ಲೈನ್ ಔಟ್‌ನಲ್ಲಿ ಸಾಧಾರಣ ಮಟ್ಟವೇ 1.23 ವೋಲ್ಟ್, ಜೋರಾದಾಗ 10 ವೋಲ್ಟನ್ನೂ ದಾಟೀತು. 8 ಓಮಿನ ಸ್ಪೀಕರಿಗೆ 100 ವಾಟ್ ಕೊಡುವ ಆಂಪ್ಲಿಫೈಯರಿನ ತಂತಿಯಲ್ಲಿ ನೆತ್ತಿ 40 ವೋಲ್ಟ್. ಎಡಿಸಿ ಸಾಮಾನ್ಯವಾಗಿ ನಡೆಯುವುದು 3.3 ಅಥವಾ 5 ವೋಲ್ಟಿನಲ್ಲಿ. ಅದರಾಚೆ ಹೋದರೆ ಚಿಪ್ಪು ಸುಡಬಹುದು.

ಪರಿಹಾರ ಎಸ್.ಪಿ. ರಸ್ತೆಯಲ್ಲಿ ಪುಡಿಗಾಸಿಗೆ ಸಿಗುತ್ತದೆ: ಎರಡು ರೆಸಿಸ್ಟರು. ದನಿಯ ದಾರಿಯಲ್ಲಿ 10 ಕಿಲೋಓಮ್, ಅದರಾಚೆ ದನಿಯ ತಂತಿಗೂ ಗ್ರೌಂಡಿಗೂ ನಡುವೆ 1 ಕಿಲೋಓಮ್ ಹಾಕಿ, ಎರಡೂ ಸೇರುವಲ್ಲಿಂದ ದನಿ ತೆಗೆದುಕೊಂಡರೆ ಸಿಗುವುದು ಹನ್ನೊಂದರಲ್ಲಿ ಒಂದು ಪಾಲು. 11 ವೋಲ್ಟ್ ಬಂದರೆ 1 ವೋಲ್ಟ್. ಇದು ಲೈನ್ ಇನ್‌ಗೆ ಸರಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಇದೂ ಹೆಚ್ಚೇ. ಅಲ್ಲಿ 10ರ ಬದಲು 100 ಕಿಲೋಓಮ್ ಬೇಕು. ಆ ತೂತಿನಿಂದ ಮೈಕಿಗೆಂದು ಚೂರು ಡಿ.ಸಿ. ವೋಲ್ಟೇಜೂ ಹೊರಬರುವುದರಿಂದ, ಅದನ್ನು ತಡೆಯಲು ಸಾಲಿನಲ್ಲಿ ಒಂದು ಕೆಪಾಸಿಟರೂ ಇರಲಿ. ನಮ್ಮನ್ನು ಕೇಳಿದರೆ, ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡೇ ವಾಸಿ.

ಎಡಿಸಿಯ ಸರ್ಕ್ಯೂಟನ್ನು ತಾವೇ ಕಟ್ಟುವವರು ಚಿಪ್ಪಿನ ಬಾಗಿಲಲ್ಲಿ ಎರಡು ಶಾಟ್ಕಿ ಡಯೋಡುಗಳನ್ನೂ ಇಡುತ್ತಾರೆ, ಒಂದು ಸಪ್ಲೈ ಕಡೆಗೆ, ಒಂದು ಗ್ರೌಂಡ್ ಕಡೆಗೆ. ವೋಲ್ಟೇಜ್ ಮಿತಿ ಮೀರಿದಾಗ ಅವು ಕರೆಂಟನ್ನು ಪಕ್ಕಕ್ಕೆ ಹರಿಸುತ್ತವೆ. ಮುಂದಿನ ರೆಸಿಸ್ಟರು ಆ ಕರೆಂಟಿಗೆ ಕಡಿವಾಣ. ಅದಿಲ್ಲದಿದ್ದರೆ ಮೊದಲು ಸುಡುವುದು ಡಯೋಡೇ. ಡಯೋಡಿದ್ದರೆ ದನಿ ಒಡೆಯುವುದಿಲ್ಲ ಎಂದು ಮಾತ್ರ ತಿಳಿಯಬೇಡಿ. ಅದು ಚಿಪ್ಪನ್ನು ಕಾಯುತ್ತದೆ, ಹಾಡನ್ನಲ್ಲ. ಹಾಡು ಉಳಿಯಬೇಕಾದರೆ ದನಿಯನ್ನು ಎಡಿಸಿಗೆ ಮುಂಚೆಯೇ ಇಳಿಸಬೇಕು.

ಇನ್ನೊಂದು ಎಚ್ಚರಿಕೆ. ಬೀದಿಯುದ್ದಕ್ಕೂ ಕಟ್ಟುವ ಹಾರ್ನ್ ಸ್ಪೀಕರುಗಳ ತಂತಿಯಲ್ಲಿ 100 ವೋಲ್ಟಿನವರೆಗೂ ಇರಬಹುದು. ಅದಕ್ಕೆ ರೆಸಿಸ್ಟರು ಹಾಕಿ ಪ್ರಯೋಗ ಮಾಡಬೇಡಿ, ಜೀವಕ್ಕೇ ಅಪಾಯ. ಮಿಕ್ಸರಿನವರ ಹತ್ತಿರ ‘ರೆಕಾರ್ಡ್ ಔಟ್ ಇದೆಯಾ?’ ಎಂದು ಕೇಳಿ. ಕಛೇರಿಗೆ ಮುಂಚೆ ಮೃದಂಗದವರಿಂದ ನಾಲ್ಕು ಜೋರು ಪೆಟ್ಟು ಹಾಕಿಸಿ, ಮೀಟರು ಮೈನಸ್ 12 ಡೆಸಿಬೆಲ್ ಸುಮಾರಿಗೆ ನಿಲ್ಲುವಂತೆ ಮಿಕ್ಸರಿನಲ್ಲೇ ಮಟ್ಟ ಇಳಿಸಿಕೊಳ್ಳಿ.