ಹಿಲ್ ದಂಪತಿಯ ಆ ರಾತ್ರಿ

1961ರ ಸೆಪ್ಟೆಂಬರ್ 19ರ ರಾತ್ರಿ. ಕೆನಡಾ ಪ್ರವಾಸ ಮುಗಿಸಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಗುಡ್ಡಗಾಡಿನಲ್ಲಿ ಊರಿಗೆ ಮರಳುತ್ತಿದ್ದ ಬಾರ್ನಿ ಮತ್ತು ಬೆಟ್ಟಿ ಹಿಲ್ ದಂಪತಿಗೆ ಆಕಾಶದಲ್ಲೊಂದು ಬೆಳಕು ಬೆನ್ನುಹತ್ತಿದಂತೆ ಕಂಡಿತು. ಮನೆ ಮುಟ್ಟಿದ್ದು ತೀರಾ ತಡವಾಗಿ. ಬೆಟ್ಟಿಯ ಉಡುಪು ಹರಿದಿತ್ತು. ಕೆಲವೇ ದಿನಗಳಲ್ಲಿ ಆಕೆಗೆ ಕೆಟ್ಟ ಕನಸುಗಳು ಶುರುವಾದವು: ಕುಳ್ಳ ಜೀವಿಗಳು, ನೌಕೆ, ಹೊಕ್ಕುಳಿಗೆ ಚುಚ್ಚಿದ ಸೂಜಿ.

1964ರಲ್ಲಿ ಬೋಸ್ಟನ್‌ನ ಮನೋವೈದ್ಯ ಬೆಂಜಮಿನ್ ಸೈಮನ್ ಇಬ್ಬರನ್ನೂ ಬೇರೆಬೇರೆಯಾಗಿ ಸಂಮೋಹನಕ್ಕೆ ಒಳಪಡಿಸಿದರು. ಆ ಜೀವಿಗಳು ತಮ್ಮನ್ನು ನೌಕೆಗೆ ಎಳೆದೊಯ್ದರೆಂದು ಇಬ್ಬರೂ ಹೇಳಿದರು; ಬಾರ್ನಿ ಕಿರುಚಿಕೊಂಡರು. ಭಯವೇನೋ ನಿಜ, ಹಾಗೆಂದು ಅದರ ಕಾರಣವೂ ನಿಜವಾಗಬೇಕಿಲ್ಲವಲ್ಲ! ಬೆಟ್ಟಿಯ ಕನಸುಗಳು ಬಾರ್ನಿಯ ಕಿವಿಗೂ ಬಿದ್ದಿದ್ದವು, ಅಪಹರಣದ ಕಥೆ ಬೆಳೆದದ್ದು ಅವುಗಳಿಂದಲೇ ಎಂದು ಸೈಮನ್ ತೀರ್ಮಾನಿಸಿದರು.

ಮುಂದೆ ಸಂದೇಹವಾದಿ ಮಾರ್ಟಿನ್ ಕಾಟ್‌ಮೇಯರ್ ಇನ್ನೊಂದು ಎಳೆ ಹಿಡಿದರು. ತಲೆಯ ಪಕ್ಕದವರೆಗೂ ಹಬ್ಬಿದ ಕಣ್ಣುಗಳನ್ನು ಬಾರ್ನಿ ಸಂಮೋಹನದಲ್ಲಿ ಬಣ್ಣಿಸಿದ್ದು 1964ರ ಫೆಬ್ರವರಿ 22ರಂದು. ಅದಕ್ಕೆ ಕೇವಲ 12 ದಿನ ಮೊದಲು ‘ದಿ ಔಟರ್ ಲಿಮಿಟ್ಸ್’ ಟಿವಿ ಧಾರಾವಾಹಿಯಲ್ಲಿ ಅಂಥದ್ದೇ ಕಣ್ಣಿನ ಜೀವಿ ಬಂದುಹೋಗಿತ್ತು. ತಾವದನ್ನು ನೋಡಿಲ್ಲವೆಂದೇ ಬೆಟ್ಟಿ ವಾದಿಸಿದರು.

1975ರ ಅಕ್ಟೋಬರ್‌ನಲ್ಲಿ ಇವರ ಕಥೆ ಟಿವಿ ಚಿತ್ರವಾಯಿತು. ಸುಮಾರು ಎರಡೇ ವಾರದಲ್ಲಿ ಅರಿಜೋನಾದ ಮರ ಕಡಿಯುವ ಕೆಲಸಗಾರ ಟ್ರಾವಿಸ್ ವಾಲ್ಟನ್ ಕಾಣೆಯಾಗಿ, ಐದು ದಿನಗಳ ಬಳಿಕ ಅಪಹರಣದ ಕಥೆಯೊಂದಿಗೆ ಮರಳಿದರು. ಕಾಕತಾಳೀಯವೇ? ಸಂದೇಹವಾದಿಗಳು ಒಪ್ಪುವುದಿಲ್ಲ.

ಇಂಥ ಅನುಭವಗಳಿಗೆ ನಿದ್ರಾ ಪಾರ್ಶ್ವವಾಯುವೇ ಕಾರಣವೆಂಬ ವಿವರಣೆಯೂ ಇದೆ. ಮನಸ್ಸು ಎಚ್ಚೆತ್ತರೂ ದೇಹ ಅಲುಗದ ಆ ಗಳಿಗೆಯಲ್ಲಿ ಕೋಣೆಯೊಳಗೆ ಯಾರೋ ನಿಂತಂತೆ ತೋರುತ್ತದೆ. ಹಾಸಿಗೆಯಿಂದಲೇ ಅಪಹರಿಸಿದರು ಎನ್ನುವವರಿಗೆ ಇದು ಸರಿಹೊಂದೀತು; ಕಾರು ಓಡಿಸುತ್ತಿದ್ದ ಬಾರ್ನಿಗಲ್ಲ.