ಅಕ್ಷರದ ಗವಿ, ಬಾಯಿಮಾತಿನ ಕೀರ್ತಿ

ಕಪ್ಪು ತೆರೆಯ ಮೇಲೆ ಕೆಲವು ಅಡ್ಡಗೀಟು, ಕೆಲವು ಉದ್ದಗೀಟು; ಅವುಗಳ ಆವರಣದೊಳಗೆ ಸಾಲುಸಾಲಾಗಿ ಚುಕ್ಕೆಗಳು; ಚುಕ್ಕೆಗಳ ನಡುವೆ, ಇ-ಮೇಲ್ ವಿಳಾಸಗಳ ದೆಸೆಯಿಂದ ಈಗ ಎಲ್ಲರಿಗೂ ಪರಿಚಿತವಾಗಿರುವ @ ಎಂಬ ಚಿಹ್ನೆ; ಅದರಿಂದ ಐದಾರು ಚುಕ್ಕೆಗಳ ಆಚೆ ಇಂಗ್ಲಿಷಿನ ಕೊನೆಯ ಅಕ್ಷರವಾದ ‘ಝಡ್’: ಇಷ್ಟನ್ನು ಮಾತ್ರ ಕಂಡವರು, ಬೆರಳಚ್ಚು ಕಲಿಯುವ ಯಾರೋ ಕೈತಪ್ಪಿ ಒತ್ತಿದ ಹಾಳೆ ಇದಿರಬೇಕೆಂದು ಭಾವಿಸಿ ಮುಂದೆ ನಡೆದರೆ ಅವರನ್ನು ದೂರುವಂತಿಲ್ಲ. ಆ ತೆರೆಯ ಮುಂದೆ ಕುಳಿತವನ ಕಣ್ಣಿಗಾದರೋ ಅಲ್ಲಿ ಕಾಣುತ್ತಿರುವುದು ನೆಲದಡಿಯ ಒಂದು ಕೋಣೆ. ಗೀಟುಗಳು ಅದರ ಗೋಡೆ, ಚುಕ್ಕೆಗಳು ನೆಲ, @ ಎಂಬುದು ಸ್ವತಃ ತಾನು, ‘ಝಡ್’ ಎಂಬುದು ತನ್ನತ್ತ ಕಾಲೆಳೆಯುತ್ತ ಬರುತ್ತಿರುವ ಜೀವಂತ ಹೆಣ. ಚೀಲದಲ್ಲಿ ಕೆಂಪು ದ್ರವದ ಒಂದು ಸೀಸೆಯಿದೆ. ಕುಡಿದರೆ ಮೈಯ ಗಾಯಗಳೆಲ್ಲ ಮಾಯಬಹುದು, ಇಲ್ಲವೆ ಕಣ್ಣು ಕುರುಡಾಗಬಹುದು. ಅವನು ಗಲ್ಲಕ್ಕೆ ಕೈಯಿಟ್ಟು ಆಲೋಚಿಸುತ್ತಾನೆ. ಆಲೋಚನೆ ಮುಗಿದು ಅವನು ಒಂದು ಕೀಲಿಯನ್ನು ಒತ್ತುವವರೆಗೆ ಹೆಣವೂ ಇಟ್ಟ ಹೆಜ್ಜೆಯನ್ನು ಕೀಳದೆ ಕಾದು ನಿಂತಿರುತ್ತದೆ.

ಈ ಬಗೆಯ ಆಟಗಳಿಗೆ ‘ರೋಗ್‌ಲೈಕ್’ ಎಂದು ಹೆಸರು. ಕನ್ನಡದ ಕಿವಿಗೆ ಯಾವುದೋ ವ್ಯಾಧಿಯ ಹೆಸರಿನಂತೆ ಕೇಳಿಸಿದರೂ, ಒಮ್ಮೆ ಹಿಡಿದರೆ ಬಿಡದು ಎಂಬ ಅಂಶದಲ್ಲಿ ಆ ಭ್ರಾಂತಿ ತೀರ ನಿರಾಧಾರವಲ್ಲದಿದ್ದರೂ, ಅದರ ಅರ್ಥ ‘ರೋಗ್’ ಎಂಬ ಆಟವನ್ನು ಹೋಲುವಂಥದು ಎಂದಷ್ಟೆ. ಇಂಥ ಆಟಗಳನ್ನು ರಚಿಸುವವರು 2008ರಲ್ಲಿ ಬರ್ಲಿನ್ ನಗರದಲ್ಲಿ ಸಭೆ ಸೇರಿ ಇದರ ಲಕ್ಷಣಗಳನ್ನು ಪಟ್ಟಿಮಾಡಿದ್ದುಂಟು. ಪ್ರತಿಸಲವೂ ಹೊಸದಾಗಿ ಹುಟ್ಟುವ ಲೋಕ, ಸತ್ತರೆ ಮರಳಿ ಬಾರದ ನಾಯಕ, ಸರದಿಯಂತೆ ಸಾಗುವ ನಡೆ, ಚೌಕಗಳಾಗಿ ವಿಭಾಗವಾದ ನೆಲ ಇವು ಅವುಗಳಲ್ಲಿ ಮುಖ್ಯವಾದುವು.

ಮೂಲಪುರುಷನ ಕಥೆ ಸುಮಾರು 1980ಕ್ಕೆ ಸೇರಿದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾಂಟಾ ಕ್ರೂಸ್ ಕೇಂದ್ರದಲ್ಲಿ ಓದುತ್ತಿದ್ದ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಕ್‌ಮನ್ ಎಂಬ ಇಬ್ಬರು ತರುಣರಿಗೆ ಒಂದು ಕೊರಗಿತ್ತು. ಆ ಕಾಲಕ್ಕೆ ಪ್ರಸಿದ್ಧವಾಗಿದ್ದ ‘ಅಡ್ವೆಂಚರ್’ ಎಂಬ ಗುಹಾಯಾತ್ರೆಯ ಆಟವನ್ನು ಅವರು ಮೆಚ್ಚಿ ಆಡಿದ್ದರು. ಆದರೆ ಬಿಡಿಸಿದ ಒಗಟು ಮತ್ತೆ ಒಗಟಾಗಿ ಉಳಿಯದು, ಹೆಣೆದವನಿಗಂತೂ ಅದು ಮೊದಲ ದಿನದಿಂದಲೇ ಒಗಟಲ್ಲ. ತನ್ನ ಕರ್ತೃವನ್ನೂ ಬೆರಗುಗೊಳಿಸಬಲ್ಲ ಆಟವೊಂದು ಸಾಧ್ಯವೆ ಎಂಬ ಪ್ರಶ್ನೆಯೇ ‘ರೋಗ್’ನ ಬೀಜ. ಟಾಯ್ ಮುಂದೆ ಬರ್ಕ್‌ಲಿಗೆ ಹೋದಾಗ, ತೆರೆಯ ಯಾವ ಸ್ಥಾನದಲ್ಲಿ ಬೇಕೆಂದರೂ ಅಕ್ಷರವನ್ನಿಡಲು ನೆರವಾಗುವ ‘ಕರ್ಸಸ್’ ಎಂಬ ಸಾಧನವನ್ನು ನಿರ್ಮಿಸಿದ್ದ ಕೆನ್ ಆರ್ನಾಲ್ಡ್ ಜೊತೆಗೂಡಿದನು. ಮೂವರ ಕೈ ಸೇರಿ ಆಟ ಪಕ್ವವಾಯಿತು.

ಅದರ ಉಪಾಯ ಸರಳವಾದುದು. ಅಡ್ಡಕ್ಕೆ 80, ಉದ್ದಕ್ಕೆ 24 ಅಕ್ಷರಗಳು ಹಿಡಿಯುವ ತೆರೆಯನ್ನು ಯಂತ್ರವು ಒಂಬತ್ತು ಭಾಗಗಳಾಗಿ ಕತ್ತರಿಸುತ್ತದೆ. ಒಂದೊಂದು ಭಾಗದಲ್ಲೂ ದಾಳ ಹಾಕಿದಂತೆ ಬಂದ ಅಳತೆಯ ಕೋಣೆಯೊಂದನ್ನು ಇಡುತ್ತದೆ, ಕೆಲವನ್ನು ಬರಿದೇ ಬಿಡುತ್ತದೆ, ಕೋಣೆ ಕೋಣೆಗೂ ನಡುವೆ ಸುರಂಗ ತೋಡುತ್ತದೆ. ಇಂಥ ಅಂತಸ್ತುಗಳನ್ನು ಒಂದೊಂದಾಗಿ ಇಳಿದು, 26ನೆಯ ಅಂತಸ್ತಿನಲ್ಲಿರುವ ತಾಯಿತವನ್ನು ಎತ್ತಿಕೊಂಡು ಮತ್ತೆ ಮೇಲಕ್ಕೆ ಬರಬೇಕು. ಮದ್ದುಗಳ ಬಣ್ಣ ಕೂಡ ಆಟದಿಂದ ಆಟಕ್ಕೆ ಬದಲಾಗುವುದರಿಂದ, ನಿನ್ನೆ ಪ್ರಾಣ ಉಳಿಸಿದ ಕೆಂಪು ಸೀಸೆ ಇಂದು ಕಣ್ಣು ಕಳೆಯಬಹುದು. ಉಳಿಸಿಟ್ಟ ಆಟವನ್ನು ಮತ್ತೆ ತೆರೆದೊಡನೆ ಅದರ ಪ್ರತಿ ಅಳಿಸಿಹೋಗುವಂತೆ ಮಾಡಿದ್ದರಾಗಿ, ಸತ್ತವನು ಹಿಂದಿನ ಗಳಿಗೆಗೆ ಜಾರಿಕೊಂಡು ಬದುಕುವ ದಾರಿಯೂ ಮುಚ್ಚಿತ್ತು. ಸತ್ತವನಿಗೆ ಅಕ್ಷರಗಳಿಂದಲೇ ಕಟ್ಟಿದ ಒಂದು ಗೋರಿಕಲ್ಲು. ಅದರ ಮೇಲೆ ಅವನ ಹೆಸರು, ಅವನು ಕೂಡಿಸಿದ ಚಿನ್ನ, ಅವನನ್ನು ಕೊಂದದ್ದು ಯಾವುದೆಂಬ ಒಕ್ಕಣೆ.

ಆಟದ ಪ್ರಚಾರವೂ ಆ ಗೋರಿಕಲ್ಲಿನಿಂದಲೇ ಹುಟ್ಟಿತೆನ್ನಬಹುದು. ಆಗಿನ ವಿಶ್ವವಿದ್ಯಾಲಯಗಳಲ್ಲಿ ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳುತ್ತಿದ್ದರಷ್ಟೆ; ಹೆಚ್ಚು ಅಂಕ ಗಳಿಸಿದವರ ಪಟ್ಟಿಯೂ ಎಲ್ಲರಿಗೂ ಒಂದೇ. ನಿನ್ನೆಯ ಇರುಳು ತನ್ನ ಹೆಸರಿನ ಮೇಲೆ ಇನ್ನೊಬ್ಬನ ಹೆಸರು ಏರಿ ಕುಳಿತುದನ್ನು ಕಂಡ ವಿದ್ಯಾರ್ಥಿಗೆ ಬೇರೆ ಜಾಹೀರಾತು ಬೇಕಾಗಿರಲಿಲ್ಲ. ಸೋತವನೂ ಸುಮ್ಮನಿರುತ್ತಿರಲಿಲ್ಲ: ಪಕ್ಕದವನ ಕಡೆಗೆ ಕುರ್ಚಿ ತಿರುಗಿಸಿ ‘ಏನಾಯ್ತು ಗೊತ್ತಾ?’ ಎಂದು ಶುರುಮಾಡಿದನೆಂದರೆ ಒಂದು ಪುಟ್ಟ ಪುರಾಣವೇ ಹೊರಬೀಳುವುದು. ಪ್ರತಿಯೊಬ್ಬನ ಗವಿಯೂ ಬೇರೆಯಾದುದರಿಂದ ಪ್ರತಿಯೊಬ್ಬನಿಗೂ ತನ್ನದೇ ಆದ ಕಥೆ. 1983ರಲ್ಲಿ ಬರ್ಕ್‌ಲಿಯ ಯುನಿಕ್ಸ್ ಆವೃತ್ತಿಯೊಡನೆ ‘ರೋಗ್’ ಕೂಡ ಸೇರಿ ಹೊರಟಾಗ, ಆ ಯಂತ್ರವ್ಯವಸ್ಥೆ ಹೋದೆಡೆಗೆಲ್ಲ ಅದೂ ಹೋಯಿತು.

ಚಿತ್ರವೇ ಇಲ್ಲದ ಆಟ ಮನಸ್ಸನ್ನು ಹೀಗೆ ಹಿಡಿಯುವುದಾದರೂ ಹೇಗೆ ಎಂದು ಕೇಳುವವರಿಗೆ ನಮ್ಮ ಕರಾವಳಿ ಮಲೆನಾಡುಗಳ ತಾಳಮದ್ದಳೆಯೇ ಉತ್ತರ. ಬಯಲಾಟದ ಕಿರೀಟವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಪಂಚೆ ಶಲ್ಯದಲ್ಲಿ ಚಾಪೆಯ ಮೇಲೆ ಕುಳಿತ ಅರ್ಥಧಾರಿ ಬಾಯಿ ತೆರೆದೊಡನೆ ಕುರುಕ್ಷೇತ್ರ ಎದ್ದು ನಿಲ್ಲುತ್ತದೆ. ಅವನು ಕರ್ಣನೆಂದರೆ ಕರ್ಣ. ವೇಷವಿಲ್ಲದಿರುವುದೇ ಅಲ್ಲಿ ಕೇಳುಗನ ಕಲ್ಪನೆಗೆ ಬಿಟ್ಟ ಜಾಗ. ಅಕ್ಷರದ ಆಟದಲ್ಲಿಯೂ ಅಷ್ಟೆ. ‘ಡಿ’ ಎಂಬುದು ಡ್ರ್ಯಾಗನ್ ಎಂದು ಒಪ್ಪಿಕೊಂಡಮೇಲೆ ಅದರ ರೆಕ್ಕೆಯ ಅಗಲವನ್ನೂ ಉಸಿರಿನ ಬೇಗೆಯನ್ನೂ ಆಡುವವನೇ ತುಂಬಿಕೊಳ್ಳುತ್ತಾನೆ. ಕರ್ತೃವಿಗೂ ಇದರಿಂದ ಅಪಾರ ಸ್ವಾತಂತ್ರ್ಯ. ಚಿತ್ರದ ಆಟದಲ್ಲಿ ಹೊಸ ಪ್ರಾಣಿಯೊಂದನ್ನು ತರಬೇಕಾದರೆ ಚಿತ್ರಕಾರ, ಚಲನೆಯನ್ನು ರೂಪಿಸುವವನು, ದನಿ ಕೂಡಿಸುವವನು ಎಲ್ಲರೂ ಬೇಕು. ಇಲ್ಲಿ ಒಂದು ಅಕ್ಷರ ಮತ್ತು ಅದರ ಸ್ವಭಾವವನ್ನು ವಿವರಿಸುವ ಹತ್ತಾರು ಸಾಲುಗಳಿದ್ದರೆ ಸಾಕು. ಒಬ್ಬನೇ ಮನುಷ್ಯ ತನ್ನ ಮೇಜಿನ ಮುಂದೆ ಕುಳಿತು ಒಂದು ಬ್ರಹ್ಮಾಂಡಕ್ಕೆ ಕೈಹಾಕಲು ಧೈರ್ಯ ಮಾಡುವುದು ಈ ಬಡತನದ ಬಲದಿಂದಲೇ.

ಆದರೆ ಆ ಬಲವೇ ಪೇಟೆಯಲ್ಲಿ ತೊಡಕಾಗಿ ಪರಿಣಮಿಸುತ್ತದೆ. ಅಂಗಡಿಯೆಂಬುದು ಕಣ್ಣಿನ ವ್ಯಾಪಾರ. ಚುಕ್ಕೆ ಗೀಟುಗಳ ಭಾವಚಿತ್ರವನ್ನು ಯಾವ ಪೆಟ್ಟಿಗೆಯ ಮೇಲೆ ಅಂಟಿಸಿದರೂ ಕೊಳ್ಳುವವನ ಕೈ ಅತ್ತ ಚಾಚದು. ಟಾಯ್ ಎಂಬತ್ತರ ದಶಕದ ನಡುವೆ ಜೊತೆಗಾರನೊಬ್ಬನೊಡನೆ ಸಂಸ್ಥೆ ಕಟ್ಟಿ ‘ರೋಗ್’ ಅನ್ನು ಮನೆಯ ಕಂಪ್ಯೂಟರುಗಳಿಗೆ ಮಾರಲು ಯತ್ನಿಸಿದಾಗ, ವಿಶ್ವವಿದ್ಯಾಲಯಗಳಲ್ಲಿ ನಿದ್ದೆಗೆಡಿಸಿದ್ದ ಆಟ ಅಂಗಡಿಯಲ್ಲಿ ಹೇಳಿಕೊಳ್ಳುವಂಥ ಹಣವನ್ನೇನೂ ತರಲಿಲ್ಲ. ತೋರಿಸಿದರೆ ಏನೂ ಕಾಣದ, ಹೇಳಿದರೆ ಮಾತ್ರ ಕಾಣುವ ಈ ವಸ್ತುವಿಗೆ ಬೇರೆ ಬಗೆಯ ಪ್ರಚಾರವೇ ಬೇಕೆಂಬುದನ್ನು ತಮ್ಮ ಬಾಳಿನಿಂದ ತೋರಿಸಿಕೊಟ್ಟವರು ಟಾರ್ನ್ ಮತ್ತು ಝ್ಯಾಕ್ ಆಡಮ್ಸ್ ಎಂಬ ಸೋದರರು.

ತಮ್ಮನಾದ ಟಾರ್ನ್, ಸ್ಟ್ಯಾನ್‌ಫರ್ಡ್‌ನಲ್ಲಿ ಗಣಿತದ ಡಾಕ್ಟರೇಟ್ ಪಡೆದು, ವಿದ್ವತ್ತಿನ ಉದ್ಯೋಗವನ್ನು ಆರಂಭದಲ್ಲೇ ತೊರೆದು, ಆಟದ ರಚನೆಗೆ ಕುಳಿತವನು. ಅಣ್ಣನಾದ ಝ್ಯಾಕ್ ಕಥೆಗಳನ್ನೂ ಕಲ್ಪನೆಗಳನ್ನೂ ಒದಗಿಸುವವನು. ಅವರ ‘ಡ್ವಾರ್ಫ್ ಫೋರ್ಟ್ರೆಸ್’, ಎಂದರೆ ಕುಬ್ಜರ ಕೋಟೆ, 2006ರ ಆಗಸ್ಟಿನಲ್ಲಿ ಮೊದಲ ಬಾರಿಗೆ ಹೊರಬಂದಿತು. ‘ರೋಗ್’ ವಂಶದಿಂದ ಕವಲೊಡೆದ ಈ ಆಟದಲ್ಲಿ, ನಾವು ಆಡಲು ತೊಡಗುವ ಮುನ್ನವೇ ಯಂತ್ರವು ಪರ್ವತ, ನದಿ, ರಾಜವಂಶ, ಯುದ್ಧಗಳೊಡನೆ ಶತಮಾನಗಳ ಇತಿಹಾಸವನ್ನು ಹೆಣೆದಿಟ್ಟಿರುತ್ತದೆ. ತೆರೆಯ ಮೇಲೆ ಕಾಣುವುದು ಮಾತ್ರ ಅದೇ ಅಕ್ಷರಗಳ ಚೆಲ್ಲಾಟ. ಸೋದರರು ಬೆಲೆ ಕೇಳಲಿಲ್ಲ. ಮೆಚ್ಚಿದವರು ಇಷ್ಟವಿದ್ದಷ್ಟು ಕಾಣಿಕೆ ಕಳುಹಿಸಬಹುದಿತ್ತು. ಕಳುಹಿಸಿದವರಿಗೆ ಪ್ರತಿಯಾಗಿ ಅವರು ಬರೆದ ಒಂದು ಸಣ್ಣ ಕಥೆಯೋ, ಮಕ್ಕಳ ಮೇಣದ ಬಣ್ಣದಲ್ಲಿ ಬಿಡಿಸಿದ ಒಂದು ಚಿತ್ರವೋ ಸಲ್ಲುತ್ತಿತ್ತು. ಈ ಆದಾಯದ ಮೇಲೆ ಅವರು 16 ವರ್ಷ ನಡೆಸಿದರು. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ತಾನು ಮೊದಲಿಗೆ ಆರಿಸಿಕೊಂಡ 14 ವೀಡಿಯೊ ಆಟಗಳಲ್ಲಿ ಇದನ್ನೂ ಒಂದಾಗಿ ಸೇರಿಸಿಕೊಂಡಿತು.

ಆ ವರ್ಷಗಳಲ್ಲಿ ಆಟದ ಕೀರ್ತಿಯನ್ನು ಹೊತ್ತು ತಿರುಗಿದವು ಬೆಕ್ಕಿನ ಪ್ರಸಂಗದಂಥ ಕಥೆಗಳು. 2015ರ ಕೊನೆಗೆ ಸೋದರರು ಕೋಟೆಗಳಿಗೆ ಪಾನಗೃಹಗಳನ್ನು ಸೇರಿಸಿದರು. ಸೇರಿಸಿದ ಕೆಲವೇ ದಿನಗಳಲ್ಲಿ ಆಡುವವರಿಂದ ಒಂದು ವಿಚಿತ್ರ ದೂರು: ಕೋಟೆಯ ಬೆಕ್ಕುಗಳು ವಾಂತಿ ಮಾಡಿಕೊಂಡು ಸಾಯುತ್ತಿವೆ. ಕಾದಾಟವಿಲ್ಲ, ಹಸಿವಿಲ್ಲ, ಸಾವು ಮಾತ್ರ ನಿಜ. ಟಾರ್ನ್ ಪತ್ತೆಗೆ ತೊಡಗಿ ಜಾಡನ್ನು ಹಿಡಿದು ಹೋದಾಗ ತೆರೆದುಕೊಂಡ ಸಂಗತಿಯಿದು: ಪಾನಗೃಹದಲ್ಲಿ ಕುಬ್ಜರು ಮದ್ಯವನ್ನು ನೆಲದ ಮೇಲೆ ಚೆಲ್ಲುತ್ತಿದ್ದರು, ಅದರ ಮೇಲೆ ನಡೆದ ಬೆಕ್ಕಿನ ಪಾದ ಒದ್ದೆಯಾಗುತ್ತಿತ್ತು, ಬೆಕ್ಕು ತನ್ನ ಮೈಯನ್ನು ನೆಕ್ಕಿ ಶುಚಿಮಾಡಿಕೊಳ್ಳಬೇಕೆಂಬ ನಿಯಮವನ್ನು ಎಷ್ಟೋ ಕಾಲದ ಹಿಂದೆಯೇ ಬರೆದಿಟ್ಟಿದ್ದುದರಿಂದ ಅದು ಆ ಪಾದವನ್ನು ನೆಕ್ಕುತ್ತಿತ್ತು, ಲೆಕ್ಕದ ತಪ್ಪೊಂದರಿಂದಾಗಿ ಒಂದೊಂದು ನೆಕ್ಕೂ ಒಂದು ತುಂಬು ಲೋಟದ ಮದ್ಯಕ್ಕೆ ಸಮನಾಗಿ, ಆ ಪುಟ್ಟ ದೇಹ ತಾಳಲಾರದೆ ಹೋಗುತ್ತಿತ್ತು. ಬೆಕ್ಕು ಕುಡಿದು ಸಾಯಲೆಂದು ಯಾರೂ ಎಲ್ಲಿಯೂ ಬರೆದಿರಲಿಲ್ಲ. ಒಂದನ್ನೊಂದು ಅರಿಯದ ಮೂರು ನಾಲ್ಕು ನಿಯಮಗಳು ಕತ್ತಲಲ್ಲಿ ಸಂಧಿಸಿ, ಕರ್ತೃವಿಗೂ ಗೊತ್ತಿಲ್ಲದ ಒಂದು ದುರಂತವನ್ನು ರಚಿಸಿದ್ದವು. ಸ್ಯಾಂಟಾ ಕ್ರೂಸಿನ ತರುಣರು 1980ರಲ್ಲಿ ಬಯಸಿದ್ದ ಬೆರಗು ಇದೇ ಅಲ್ಲವೆ?

ಈ ಕಥೆಯನ್ನು ಕೇಳಿ ನಕ್ಕವರಲ್ಲಿ ಬಹುಮಂದಿ ಆ ಆಟವನ್ನು ಒಮ್ಮೆಯೂ ಮುಟ್ಟಿದವರಲ್ಲ. ಹಾಗೆಯೇ, ಒಂದೇ ಕೋಟೆಯನ್ನು ಒಬ್ಬೊಬ್ಬರು ಆಟದ ಒಂದೊಂದು ವರ್ಷ ಆಳಿ ಮುಂದಿನವರ ಕೈಗಿತ್ತು, ಆಳಿದವರೆಲ್ಲ ತಂತಮ್ಮ ಕಾಲದ ಬಖೈರು ಬರೆದಿಟ್ಟ ‘ಬೋಟ್‌ಮರ್ಡರ್ಡ್’ ಎಂಬ ಕೋಟೆಯ ವೃತ್ತಾಂತವೂ, ಅದರೊಳಗಿನ ಆನೆಗಳ ಹಾವಳಿಯೂ ಆಡದವರ ಬಾಯಲ್ಲಿ ಕೂಡ ಉಳಿದಿವೆ.

ಇಂದು ಈ ವಿದ್ಯೆಗೆ ಕೈಹಾಕಬಯಸುವ ತರುಣ ತರುಣಿಯರಿಗೆ ಸಾಧನಗಳ ಕೊರತೆಯಿಲ್ಲ. ಪೈಥಾನ್‌ನಂಥ ಸುಲಭವಾದ ಭಾಷೆಯೂ, ‘ಲಿಬ್‌ಟಿಕಾಡ್’ ಎಂಬ ಉಚಿತ ಸಾಧನಸಂಗ್ರಹವೂ ಇದ್ದರೆ, @ ಚಿಹ್ನೆ ಕೋಣೆಯೊಳಗೆ ನಡೆದಾಡುವುದನ್ನು ಒಂದೆರಡು ದಿನದಲ್ಲಿ ಕಾಣಬಹುದು. ಕಷ್ಟವಿರುವುದು ಮುಗಿಸುವುದರಲ್ಲಿ. ಅಕ್ಷರದ ಲೋಕದಲ್ಲಿ ಸೇರಿಸುವುದು ಸುಲಭವಾದುದರಿಂದಲೇ ಸೇರಿಸುವ ಚಪಲಕ್ಕೆ ಕೊನೆಯಿರುವುದಿಲ್ಲ. ಈ ರೋಗಕ್ಕೆ ಮದ್ದೆಂಬಂತೆ 2005ರಿಂದ ಪ್ರತಿವರ್ಷವೂ ಏಳು ದಿನದ ಒಂದು ಪಂಥ ನಡೆದುಬಂದಿದೆ: 168 ಗಂಟೆಗಳಲ್ಲಿ ಆರಂಭಿಸಿ, ಅಷ್ಟರಲ್ಲೇ ಮುಗಿಸಿ, ಆಡಲು ಬರುವ ಒಂದು ಆಟವನ್ನು ಮುಂದಿಡಬೇಕು. ಜೋಶ್ ಗೆ ಎಂಬಾತ 2012ರ ಪಂಥಕ್ಕಾಗಿ ರಚಿಸಿದ ಪುಟ್ಟ ಆಟವೇ ಮುಂದೆ ‘ಕಾಗ್‌ಮೈಂಡ್’ ಎಂಬ ದೊಡ್ಡ ಕೃತಿಯಾಗಿ ಬೆಳೆದು, 2015ರಿಂದ ಅಪೂರ್ಣಾವಸ್ಥೆಯಲ್ಲಿಯೇ ಆಸಕ್ತರಿಗೆ ಮಾರಾಟವಾಗುತ್ತ, 2017ರಲ್ಲಿ ಸ್ಟೀಮ್ ಎಂಬ ದೊಡ್ಡ ಮಾರುಕಟ್ಟೆಯನ್ನು ಸೇರಿತು.

ಸ್ಟೀಮ್‌ನಲ್ಲಿ ಒಂದು ಆಟಕ್ಕೆ ಜಾಗ ಪಡೆಯಲು 100 ಡಾಲರ್ ಕಟ್ಟಬೇಕು; ‘ಇಚ್’ ಎಂಬ ಇನ್ನೊಂದು ತಾಣದಲ್ಲಿ ಅದೂ ಬೇಡ. ಅಂಗಡಿ ತೆರೆಯುವುದು ಇಷ್ಟು ಸುಲಭವಾದಲ್ಲಿ ಗಿರಾಕಿಯನ್ನು ಕರೆಯುವುದೇ ಕಷ್ಟ. ಹತ್ತು ಬಗೆಯ ಕತ್ತಿ, ನೂರು ಬಗೆಯ ರಾಕ್ಷಸ ಎಂದು ಸರಕಿನ ಪಟ್ಟಿ ಓದಿದರೆ ಯಾರೂ ನಿಲ್ಲರು. ಮೊದಲ ಕರಡು ಆಡಲು ಬಂದೊಡನೆ ಅದನ್ನು ನಾಲ್ವರ ಕೈಗೆ ಕೊಟ್ಟು, ಬೆನ್ನ ಹಿಂದೆ ಸುಮ್ಮನೆ ನಿಂತು, ಅವರು ಸತ್ತಮೇಲೆ ಏನು ಹೇಳುತ್ತಾರೆಂಬುದನ್ನು ಬರೆದುಕೊಳ್ಳುವುದು ಲೇಸು; ಜಗತ್ತಿಗೆ ಸಾರಬೇಕಾದುದು ಆ ಮಾತುಗಳಲ್ಲಿಯೇ ಇರುತ್ತದೆ.

ಕನ್ನಡದಲ್ಲಿಯೇ ಇಂಥದೊಂದನ್ನು ಮಾಡಹೊರಡುವವರಿಗೆ ಲಿಪಿಯ ಒಂದು ಸಮಸ್ಯೆಯುಂಟು. ಈ ಆಟಗಳ ತೆರೆ ಸಮನಾದ ಮನೆಗಳ ಜಾಲ, ಮನೆಗೊಂದು ಅಕ್ಷರ. ನಮ್ಮ ‘ಸ್ತ್ರೀ’ ಎಂಬ ಒಂದಕ್ಷರ ಒತ್ತು, ದೀರ್ಘಗಳೊಡನೆ ಕೆಳಕ್ಕೂ ಬದಿಗೂ ಚಾಚಿ ನೆರೆಮನೆಗೆ ನುಗ್ಗುತ್ತದೆ. ಹಾವಿಗೆ ‘ಹ’, ಕರಡಿಗೆ ‘ಕ’ ಎಂದು ಒತ್ತಿಲ್ಲದ ಅಕ್ಷರಗಳನ್ನು ನೆಲದ ಮೇಲಿರಿಸಿ, ‘ಕರಡಿ ನಿನ್ನ ಭುಜಕ್ಕೆ ಪಂಜ ಹಾಕಿತು’ ಎಂಬಂಥ ವಾಕ್ಯಗಳಿಗೆ ಕೆಳಗೆ ಬೇರೆ ಪಟ್ಟಿಯೊಂದನ್ನು ಬಿಟ್ಟುಕೊಟ್ಟರೆ ಮಾರ್ಗ ಸುಗಮವಾದೀತು.

ಆಡಮ್ಸ್ ಸೋದರರ ಕಥೆ ಮುಂದೆ ಸಾಗಿದುದು ಹೀಗೆ. ಅಣ್ಣನಿಗೆ ಚರ್ಮದ ಕ್ಯಾನ್ಸರ್ ತಗಲಿ, ಅಮೆರಿಕದಲ್ಲಿ ಚಿಕಿತ್ಸೆಗೆ ತಗಲುವ ವೆಚ್ಚ ಎಂಥದೆಂಬುದು ಮನದಟ್ಟಾದಾಗ, ಕಾಣಿಕೆಯನ್ನೇ ನಂಬಿ ಬಾಳುವುದು ಸಾಲದೆಂದು ಅವರು ನಿರ್ಧರಿಸಿ, ಚಿತ್ರಗಳನ್ನು ಕೂಡಿಸಿದ ಆವೃತ್ತಿಯೊಂದನ್ನು ಮಾರುವುದಾಗಿ 2019ರಲ್ಲಿ ಪ್ರಕಟಿಸಿದರು. ಕಿಟ್‌ಫಾಕ್ಸ್ ಗೇಮ್ಸ್ ಎಂಬ ಪುಟ್ಟ ಸಂಸ್ಥೆ ಪ್ರಕಾಶಕನಾಗಿ ನಿಂತಿತು. 2022ರ ಡಿಸೆಂಬರ್ 6ರಂದು ಅದು ಸ್ಟೀಮ್‌ಗೆ ಬಂದಾಗ ಮೊದಲ ದಿನವೇ 1,60,000ಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು. ಅಕ್ಷರಗಳ ಹಳೆಯ ಆವೃತ್ತಿಯನ್ನು ಅವರು ನಿಲ್ಲಿಸಲಿಲ್ಲ; ಅದು ಈಗಲೂ ಬೆಲೆಯಿಲ್ಲದೆ ದೊರೆಯುತ್ತದೆ.

ಚಿತ್ರ ಬಂದುದರಿಂದ ಆ ಪ್ರತಿಗಳು ಮಾರಿದುವೆಂದು ಹೇಳುವುದು ಅರ್ಧಸತ್ಯ. ಚಿತ್ರವು ಬಾಗಿಲನ್ನು ಅಗಲ ಮಾಡಿತು, ನಿಜ. ಆದರೆ ಆ ಬಾಗಿಲ ಮುಂದೆ ಅಷ್ಟು ಜನ ಆ ದಿನ ಮುಂಜಾನೆಯೇ ಬಂದು ನಿಂತುದು, ಕುಡಿದು ಸತ್ತ ಬೆಕ್ಕಿನ ಕಥೆಯನ್ನು ವರ್ಷಗಳ ಹಿಂದೆ ಯಾರಿಂದಲೋ ಕೇಳಿದ್ದರಿಂದ. ಹೇಳಿದವನು ಆ ಆಟಕ್ಕೆ ಸಂಬಳದ ಆಳಲ್ಲ. ಅವನೂ ತನ್ನ ಕೋಟೆಯನ್ನು ಕಳೆದುಕೊಂಡು, ಕೀಲಿಮಣೆಯಿಂದ ಕೈತೆಗೆದು, ಹತ್ತಿರವಿದ್ದವರ ಕಡೆಗೆ ತಿರುಗಿ, ‘ಏನಾಯ್ತು ಗೊತ್ತಾ?’ ಎಂದಿದ್ದನಷ್ಟೆ.